ತಲೆಯ ಮೇಲಿನ ಹರಗೋಲು

ನನ್ನ ತವರುಮನೆ ಸುರಪುರ ತಾಲೂಕಿನೊಳಗೆ, ತಿಂಥಣಿಯಿಂದ ಕೆಳಗೆ, ಕೃಷ್ಣಾ ಹೊಳೆಯ ದಂಡೆಗೆ. ಗಂಡನ ಮನೆಯೂ ಅದೇ ಹೊಳೆಯ ದಂಡೆಗೆ, ಆದರೆ ಶಹಾಪುರದ ಕಡೆ, ಕೊಳ್ಳೂರಿನ ಸೇತುವೆ ದಾಟಿ ಇನ್ನೂ ಕೆಳಗೆ. ತವರಿನಲ್ಲಿ ಅವ್ವ ಸೀರೆ ಹಿಂಡಿದ ನೀರು ಹರಿದು ಬಂದು ಈಗ ನಮ್ಮೂರಾದ ಗಂಡನ ಊರ ಮುಂದೆ ಹಾಯುತ್ತಿತ್ತು. ಇಲ್ಲಿಂದ ಅಲ್ಲಿಗೆ ಮಾತ್ರ ಏನೂ ಹೋಗುತ್ತಿರಲಿಲ್ಲ. ಲಗ್ನವಾದ ಹೊಸದರಲ್ಲಿ ನೀರಿಗೆ ಹೋದಾಗೆಲ್ಲ ಕೊಡ ಮುಳುಗಿಸುವ ಮೊದಲು ಜರಾ ಹೊತ್ತು ಕೈ ನೀರಿನೊಳಗೆ ಇಟ್ಟುಕೊಂಡು ಕೂಡುತ್ತಿದ್ದೆ. ಯಾಕೆ ಅಂತ ಯಾರಿಗೂ ಹೇಳಿಲ್ಲ.

ನಾವು ಹೊಳೆಯ ಮಂದಿ. ನಮ್ಮಪ್ಪ ಮರಿಲಿಂಗಪ್ಪ ಮೀನು ಹಿಡಿಯುತ್ತಿದ್ದ, ಜನರನ್ನು ಈ ದಂಡೆಯಿಂದ ಆ ದಂಡೆಗೆ ದಾಟಿಸುತ್ತಿದ್ದ. ಅವನ ಹರಗೋಲು ಅವನೇ ಹೆಣೆದದ್ದು. ಸುರಪುರದಿಂದ ಬಿದಿರು ತಂದು, ಸೀಳಿ, ದೊಡ್ಡ ಬುಟ್ಟಿಯ ಹಾಗೆ ಹೆಣೆದು, ಹೊರಗೆ ಚರ್ಮ ಬಿಗಿಯುತ್ತಿದ್ದ. ಚರ್ಮ ನೀರಿನಲ್ಲೇ ಬಿದ್ದರೆ ಕೊಳೆಯುತ್ತದೆ ಅಂತ ದಿನಾ ಸಂಜೆ ದಂಡೆಗೆ ಎಳೆದು ಬೋರಲು ಹಾಕುತ್ತಿದ್ದ. ಅದರ ಬೆನ್ನ ಮೇಲೆ ಕೈಯಾಡಿಸಿಯೇ ಅವನು ಊಟಕ್ಕೆ ಕೂಡುತ್ತಿದ್ದದ್ದು. ನಾವು ಮಕ್ಕಳು ಕರೆದರೆ 'ಹ್ಞಾಂ' ಅನ್ನುವುದಕ್ಕೂ ಅವನಿಗೆ ಹೊತ್ತು ಬೇಕು, ಅಷ್ಟು ಮಾತು ಕಮ್ಮಿ.

ಹರಗೋಲು ದುಂಡಗಿನದು. ಹರಿಯುವ ನೀರಿಗೆ ಎದುರಾಗಿ ದೂರ ಏರುವುದಿಲ್ಲ. ಹೊಳೆಯ ಕೆಳಗಿನ ಊರಿಗೆ ಹೋದರೆ, ಬರುವಾಗ ಅದನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ದಂಡೆಗುಂಟ ನಡೆದು ಬರಬೇಕು. ಹೊರುವುದು ಗಂಡಸರ ಕೆಲಸ. ಹೆಂಗಸರು ಹೊರುವ ಪದ್ಧತಿ ನಮ್ಮಲ್ಲಿ ಇಲ್ಲ, ಹೊತ್ತವನ ಸಂಗಡ ಅದರ ಕೆಳಗೆ ಹೋಗುವುದೂ ಇಲ್ಲ. ಹಿಂದಿನಿಂದ ನೋಡಿದರೆ ಮನುಷ್ಯ ಕಾಣುವುದೇ ಇಲ್ಲ. ಕರೀ ಬೆನ್ನು, ಕೆಳಗೆ ಎರಡು ಕಾಲು. ಆಮೆ ಎದ್ದು ನಡೆದಂತೆ.

ನನ್ನ ಲಗ್ನವಾದದ್ದು ಒಂದು ಬೇಸಿಗೆಯಲ್ಲಿ. ನಾರಾಯಣಪುರದ ಡ್ಯಾಂ ಆಗ ಇನ್ನೂ ಕಟ್ಟುತ್ತಿದ್ದರು. ಮೊದಲ ಪಂಚಮಿಗೆ ತವರಿಗೆ ಬಂದೆ, ಜೋಕಾಲಿ ಆಡಿದೆ, ಅವ್ವನ ಕೈಯಿಂದ ಎಳ್ಳುಂಡಿ ಶೇಂಗಾಉಂಡಿ ತಿಂದೆ. ತಮ್ಮ ಭೀಮು ಆಗ ಅವ್ವನ ತೊಡೆಯ ಮೇಲಿನ ಕೂಸು. ತಿರುಗಿ ಕಳಿಸುವ ಹೊತ್ತಿಗೆ ಮಳೆ ಹಿಡಿದು ಎರೆಹೊಲದ ದಾರಿಯಲ್ಲಿ ಬಂಡಿಯ ಗಾಲಿ ಅಚ್ಚಿನ ತನಕ ಹುಗಿಯಹತ್ತಿತ್ತು. ಅಪ್ಪ ಹೊಳೆಯ ಕಡೆ ನೋಡಿದ, "ನೀರ ಮ್ಯಾಲ ಬಿಟ್ಟು ಬರ್ತೀನಿ" ಅಂದ. ಜೊತೆಗೆ ಸೋದರತ್ತೆ ಬಂದಳು, ಎಂಟು ದಿನ ನನ್ನ ಹತ್ತಿರ ಇದ್ದು ಬರಲಿಕ್ಕೆ.

ಆ ಪ್ರಯಾಣ ನನಗೆ ಇವತ್ತಿಗೂ ನೀರಿನ ವಾಸನೆಯ ಸಮೇತ ನೆನಪಿದೆ. ದೇವಾಪುರದ ಕಡೆಯ ಬಂಡೆಗಳ ನಡುವೆ ಅಪ್ಪ ಬಿದಿರಿನ ಗಳ ಊರುತ್ತಿದ್ದದ್ದು, ದಂಡೆಗೆ ನಿಂತ ದನಗಳು ಕುಡಿಯುವುದು ಬಿಟ್ಟು ನಮ್ಮನ್ನು ನೋಡಿದ್ದು, ಸೋದರತ್ತೆ ಮೊಸಳೆ ಕಂಡು ತಿಂಥಣಿಯ ಮೌನೇಶ್ವರನಿಗೆ ಕಾಯಿ ಹರಕೆ ಹೊತ್ತದ್ದು. ಪಡುವಣ ಗಾಳಿ ಎದ್ದಾಗ ಅಪ್ಪ ತಲೆಯ ರುಮಾಲು ಬಿಚ್ಚಿ, ಧೋತರದ ಜೊತೆ ಗಂಟು ಹಾಕಿ, ಎರಡು ಗಳಕ್ಕೆ ಕಟ್ಟಿ ಹಾಯಿ ಮಾಡಿದ. ಒಂದು ಗಳ ಹಿಡಿಯಲಿಕ್ಕೆ ನನಗೆ ಕೊಟ್ಟ. "ಬಿಗಿ ಹಿಡಿ" ಅಂದ. ಇಡೀ ದಾರಿಯಲ್ಲಿ ನನಗೆ ಅಂದ ಮಾತು ಅದೊಂದೇ ಇರಬೇಕು. ಹಾಯಿ ಉಬ್ಬಿ ಹರಗೋಲು ಓಡಿತು. ಚಡ್ಡಿಯ ಮೇಲೆ ನಿಂತು ಹುಟ್ಟು ಹಾಕುತ್ತಿದ್ದ ಅಪ್ಪನನ್ನು ನೋಡಿ ಸೋದರತ್ತೆ, "ಬೀಗರ ಮನಿಗಿ ಹಿಂಗ ಹೋಗ್ತಿಯೇನೋ, ನಾಚಿಗಿಲ್ಲದವನ" ಅಂತ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕದ್ದೇ ನಕ್ಕದ್ದು.

ನಡುವೆ ಒಂದು ರಾತ್ರಿ ವಸ್ತಿ ಮಾಡಿ ಮರುದಿನ ನಮ್ಮೂರು ಮುಟ್ಟಿದೆವು. ಊರ ಕೆಳಗೆ ದಂಡೆಗೆ ಒಂದು ಹಾಸುಗಲ್ಲು ಇದೆ, ಬಟ್ಟೆ ಒಗೆಯುವ ಕಲ್ಲು. ಅಲ್ಲಿ ಇಳಿದೆವು. ಗಂಡನ ಮನೆಯವರು ಬಂದರು. ಅಪ್ಪ ಧೋತರ ಸುತ್ತಿಕೊಂಡು, ಒಂದು ಚರಿಗೆ ನೀರು ಕುಡಿದು, "ಬರ್ತೀನ್ರಿ" ಅಂದ. ಊಟಕ್ಕೆ ನಿಲ್ಲಲಿಲ್ಲ. ನನ್ನ ಕಡೆ ಬಂದವನು ಬಾಯಿ ತೆಗೆದ, ಮತ್ತೆ ಮುಚ್ಚಿದ. ಹರಗೋಲು ಎತ್ತಿ ತಲೆಯ ಮೇಲೆ ಹಾಕಿಕೊಂಡು ನಡೆದೇಬಿಟ್ಟ.

ನಾನು ಹಾಸುಗಲ್ಲಿನ ಮೇಲೆ ನಿಂತು ನೋಡಿದೆ. ಕರೀ ಬೆನ್ನು, ಎರಡು ಕಾಲು. ದೂರದಲ್ಲಿ ಒಂದು ಜಾಲಿಯ ಗಿಡ, ಅದರ ಆಚೆ ದಂಡೆ ಹೊಳ್ಳುತ್ತದೆ, ಆ ತಿರುವು ದಾಟಿದವರು ಕಾಣುವುದಿಲ್ಲ. ಜಾಲಿಯ ಹತ್ತಿರ ಗಾಳಿ ಹೊಡೆದು ಹರಗೋಲು ತಿರುಗಿತು, ಒಂದು ಗಳಿಗೆ ಒಳಗಿನ ಬಿದಿರಿನ ಹೆಣಿಗೆ ಕಂಡಿತು. ಮತ್ತೆ ಕರೀ ಬೆನ್ನು. ಆಮೇಲೆ ಅದೂ ಇಲ್ಲ. ಅಪ್ಪ ಒಮ್ಮೆಯೂ ಹೊಳ್ಳಿ ನೋಡಲಿಲ್ಲ.

ಅದೇ ವರ್ಷ ನಮ್ಮ ಓಣಿಗೆ ಹಜರಾಬೀ ಸೊಸೆಯಾಗಿ ಬಂದಳು. ಆಕೆಯನ್ನು ಬಿಟ್ಟು ಅಪ್ಪ ಬಂಡಿಯಲ್ಲಿ ಕೂತು ಹೋಗುವಾಗ ಊರ ಬಾವಿಯ ಹತ್ತಿರ ಒಮ್ಮೆ, ಮಸೀದಿಯ ಹತ್ತಿರ ಒಮ್ಮೆ, ತಿರುತಿರುಗಿ ನೋಡಿ ರುಮಾಲಿನ ಚುಂಗಿನಿಂದ ಕಣ್ಣೊರೆಸಿಕೊಂಡದ್ದನ್ನು ಇಡೀ ಊರು ನೋಡಿತು. ನನ್ನ ನಾದಿನಿಗೆ ಅಷ್ಟು ಸಾಕಾಯಿತು. ರೊಟ್ಟಿ ಜರಾ ಸುಟ್ಟರೆ ಸಾಕು, "ನಿಮ್ಮಪ್ಪ ಭಾರ ಇಳಿಸಿ ಹಗುರಾಗಿ ಹೋದ ನೋಡು, ಹೊಳ್ಳಿ ಸೈತ ನೋಡ್ಲಿಲ್ಲ. ಬುಟ್ಟಿ ಮಾತ್ರ ಮರೀಲಿಲ್ಲ" ಅನ್ನುತ್ತಿದ್ದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಆಕೆ ಅಂದದ್ದು ಸುಳ್ಳಲ್ಲವಲ್ಲ.

ಅಪ್ಪ ಆಮೇಲೆ ಎಷ್ಟೋ ಸಲ ಬಂದ. ಪಂಚಮಿಗೆ ಕರೆಯಲಿಕ್ಕೆ ಬಂದ, ನನ್ನ ಮಕ್ಕಳಿಗೆ ಬಿದಿರಿನ ಗಿಲಕಿ ಮಾಡಿ ತಂದ. ಎದುರಿಗೆ ಕೂತವನಿಗೆ, ಅವತ್ತು ಯಾಕೆ ಹೊಳ್ಳಿ ನೋಡಲಿಲ್ಲ ಅಂತ ಹ್ಯಾಗೆ ಕೇಳುವುದು? ಕೇಳಿದರೂ ಅವನು ಹರಗೋಲಿನ ಕಡೆ ನೋಡುತ್ತಿದ್ದ, ಅಷ್ಟೆ. ಅವನು ತೀರಿಹೋದ. ಮಾತು ನನ್ನ ಹತ್ತಿರವೇ ಉಳಿಯಿತು. ನನಗೆ ಮೊಮ್ಮಕ್ಕಳಾದರೂ, ತಲೆ ಹಣ್ಣಾದರೂ, ಹಾಸುಗಲ್ಲಿನ ಮೇಲೆ ಬಟ್ಟೆ ಇಟ್ಟಾಗೆಲ್ಲ ಆ ಕರೀ ಬೆನ್ನು ಜಾಲಿಯ ಆಚೆ ಹೋಗುತ್ತಿತ್ತು.

ಭೀಮುನ ಮಗಳು ಉಮಾಳನ್ನು ನಮ್ಮೂರಿಗೇ ತಂದುಕೊಂಡೆವು. ಹುಡುಗ ದೇವಿಂದ್ರ, ನಮ್ಮ ಓಣಿಯವನೇ, ಕಡೇಚೂರಿನ ಕಾರ್ಖಾನೆಯಲ್ಲಿ ಕೆಲಸ. ಈ ವರ್ಷ ಉಮಾಳ ಮೊದಲ ಪಂಚಮಿ. ನಾನೂ ತವರಿಗೆ ಹೋಗಿದ್ದೆ. ಹಬ್ಬ ಮುಗಿದು ನಾವಿಬ್ಬರೂ ಒಂದೇ ಊರಿಗೆ ಹೊರಡುವವರು. ಹಿಂದಿನ ದಿನ ಪಡಸಾಲೆಯಲ್ಲಿ ಉಂಡಿ ಕಟ್ಟುವಾಗ ಭೀಮು ಕ್ರೂಸರ್ ಗಾಡಿಗೆ ಫೋನು ಹಚ್ಚುತ್ತಿದ್ದ. ಹೊರಗೆ ಅಂಗಳದಲ್ಲಿ ಅವನ ಹರಗೋಲು ಬೋರಲು ಬಿದ್ದಿತ್ತು, ಅದರ ಕೆಳಗೆ ಕೋಳಿಯೊಂದು ಕಾವಿಗೆ ಕೂತಿತ್ತು. ಈಗ ಚರ್ಮವಿಲ್ಲ, ಗೊಬ್ಬರದ ಚೀಲ ಹೊಲಿದು ಡಾಂಬರು ಬಳಿಯುತ್ತಾರೆ. ಹೆಣಿಗೆ ಮಾತ್ರ ಅಪ್ಪ ಕಲಿಸಿದ ಹೆಣಿಗೆಯೇ.

"ಭೀಮು, ಅದನ್ನ ಈಗ ಹೊಳಿಗಿ ಹಾಕಂಗಿಲ್ಲೇನು?" ಅಂದೆ.

"ಯಾಕಕ್ಕ, ಫೈಬರ್ ದೋಣಿ ಬಂದದಲ್ಲ. ಇದನ್ನ ಹೊರಾಕ ಮೊಣಕಾಲು ಕೇಳಂಗಿಲ್ಲ. ಈ ಸಲ ಒಡದು ಒಲಿಗಿ ಹಾಕ್ತೀನಿ ಅಂತ ಇಕಿಗಿ ಹೇಳೀನಿ."

"ಒಡಿಯೂದು ಇದ್ರ ಮೊದ್ಲು ನಮ್ಮಿಬ್ಬರನ್ನ ಅದರಾಗ ಬಿಟ್ಟು ಬಾ. ಅಪ್ಪ ನನ್ನ ಬಿಟ್ಟು ಬಂದಂಗ."

ಭೀಮುನ ಹೆಂಡತಿ ಪಾರ್ವತೆಮ್ಮ ಉಂಡಿ ಕಟ್ಟುವ ಕೈ ನಿಲ್ಲಿಸಿದಳು. "ಏನ್ ಮಾತಾಡ್ತೀರಿ ಅಕ್ಕಾರ! ಕ್ರೂಸರಿನ್ಯಾಗ ಕುಂತ್ರ ಮಧ್ಯಾಹ್ನದ ರೊಟ್ಟಿ ಬೀಗರ ಮನ್ಯಾಗ. ಇದರಾಗ ಹೋದ್ರ ಎರಡು ದಿನ. ಮೊಸಳಿ ಅದಾವ, ಡ್ಯಾಂ ನೀರು ಬಿಟ್ರ ಏನು ಗತಿ?"

"ಮಳಿ ಕಮ್ಮಿ ಆಗ್ಯಾದ, ಹೊಳಿ ಇಳದದ. ನೀರು ಬಿಡೂದಿದ್ರ ಫೋನಿನ್ಯಾಗ ಮೊದಲ ಹೇಳ್ತಾರ" ಅಂದಳು ಉಮಾ. ಆಕೆಯ ಕಣ್ಣು ಆಗಲೇ ಅಂಗಳದ ಕಡೆ. "ಅತ್ತಿ, ನಾ ಬರ್ತೀನಿ. ಗಾಡ್ಯಾಗ ಕುಂತ್ರ ನನಗ ವಾಂತಿ ಬರ್ತದ."

"ಹೊಟ್ಟ್ಯಾಗ ಉಂಡಿ ತುಂಬೀದಿ, ವಾಂತಿ ಬರದ ಏನು ಬಂದೀತು" ಅಂದಳು ಪಾರ್ವತೆಮ್ಮ. ಆದರೂ ನಕ್ಕಳು. ಭೀಮು ನನ್ನ ಮುಖ ನೋಡಿದ. ನಾನು ಅವನ ಹತ್ತಿರ ಏನನ್ನೂ ಬೇಡಿದವಳಲ್ಲ, ಅದು ಅವನಿಗೂ ಗೊತ್ತು. ಫೋನು ಕಿಸೆಗೆ ಇಟ್ಟು, ಎದ್ದು ಹೋಗಿ ಕೋಳಿಯನ್ನು ಎಬ್ಬಿಸಿದ.

ನನ್ನ ಮನಸ್ಸಿನಲ್ಲಿದ್ದದ್ದು ಇಷ್ಟೆ. ಅದೇ ನೀರಿನ ಮೇಲೆ ಅದೇ ದಂಡೆಗೆ ಒಮ್ಮೆ ಇಳಿಯಬೇಕು. ಭೀಮು ಮಗಳನ್ನು ಬಿಟ್ಟು ಹರಗೋಲು ಹೊತ್ತು ಹೋಗುವುದನ್ನು ನೋಡಬೇಕು. ಅವನೂ ಹಾಗೇ ಹೋದರೆ, ನಮ್ಮ ಗಂಡಸರ ಮನಸ್ಸೇ ಹೀಗೆ ಅಂತ ತಿಳಿದು ಸುಮ್ಮನಾಗಬಹುದು. ಅವನು ಹೊಳ್ಳಿ ನೋಡಿದರೆ? ಆಗ ಅಪ್ಪ ಯಾಕೆ ನೋಡಲಿಲ್ಲ ಅನ್ನುವುದು ಇನ್ನೂ ಆಳಕ್ಕೆ ಇಳಿಯುತ್ತದೆ. ಹರಗೋಲು ಒಲೆಗೆ ಹೋದ ಮೇಲೆ ಎರಡರೊಳಗೆ ಯಾವುದೂ ತಿಳಿಯುವುದಿಲ್ಲ.

ಮರುದಿನ ಬೆಳಿಗ್ಗೆ ಪಾರ್ವತೆಮ್ಮ ಹೊಳೆಗೆ ಅರಿಷಿಣ ಕುಂಕುಮ ಹಾಕಿ, ಹರಗೋಲಿನ ಅಂಚಿಗೂ ಹಚ್ಚಿದಳು. ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಉಂಡಿಯ ಡಬ್ಬಿ, ಉಮಾಳ ಸೂಟ್‌ಕೇಸು, ನನ್ನ ಕೈಚೀಲ. ಭೀಮು ಹುಟ್ಟು ಒತ್ತಿದ. ದಂಡೆ ಹಿಂದೆ ಸರಿಯಿತು. ಪಾರ್ವತೆಮ್ಮ ಸೆರಗು ಬೀಸುತ್ತಾ ಬೀಸುತ್ತಾ, "ನಡುವ ನಿಲ್ಲಬ್ಯಾಡಲೇ ಉಮೀ, ಕುಂದ್ರು!" ಅಂತ ಕಾಣದಷ್ಟು ದೂರ ಹೋದರೂ ಬಯ್ಯುತ್ತಿದ್ದಳು.

ಬೋನಾಳದ ಕೆರೆಯ ಕಡೆಯಿಂದ ಹಕ್ಕಿಗಳು ಸಾಲಾಗಿ ಬಂದು ತಲೆಯ ಮೇಲೆ ಹಾದುಹೋದವು. ಹೊಳೆ ಮೊದಲಿನ ಹಾಗೆ ಇಲ್ಲ. ದಂಡೆಯ ಉದ್ದಕ್ಕೂ ಪಂಪುಸೆಟ್ಟು, ಕರೀ ಪೈಪು, ಎಲ್ಲಿ ನೋಡಿದರೂ ಭತ್ತದ ಗದ್ದೆ. ಆಗ ಈ ದಂಡೆಯ ಮೇಲೆ ಜೋಳ, ತೊಗರಿ ಇರುತ್ತಿದ್ದವು. ಆದರೆ ಬಂಡೆಗಳು ಅವೇ. ಒಂದೊಂದನ್ನೂ ಗುರುತು ಹಿಡಿದೆ. ಭೀಮು ಗಳ ಊರಿ ಅವುಗಳ ನಡುವೆ ನಡೆಸುವಾಗ ಅವನ ಬೆನ್ನು ಥೇಟ್ ಅಪ್ಪನ ಬೆನ್ನು.

"ಅತ್ತಿ," ಅಂದಳು ಉಮಾ, ನೀರಿನೊಳಗೆ ಬೆರಳು ಬಿಟ್ಟುಕೊಂಡು, "ನಿನ್ನ ಬಿಡಾಕ ಬಂದಾಗ ಅಜ್ಜ ಅತ್ತನೇನು?"

"ಮೊಸಳಿ ಅದ, ಕೈ ಒಳಗ ತಗೋ" ಅಂದೆ.

"ಅತ್ತನೋ ಇಲ್ಲೋ?"

"ಹೊಳ್ಳಿ ನೋಡಿದ್ರಲ್ಲ ಗೊತ್ತಾಗೂದು. ನೋಡ್ಲೇ ಇಲ್ಲ."

ಉಮಾ ಕೈ ಒಳಗೆ ಎಳೆದುಕೊಂಡಳು. ಅದು ನನ್ನ ಬಾಯಿಂದ ಮೊದಲ ಸಲ ಹೊರಗೆ ಬಂದದ್ದು. ಭೀಮು ಗಳ ಎತ್ತುವುದನ್ನು ನಿಲ್ಲಿಸಿ ಒಂದು ಗಳಿಗೆ ನಿಂತ. "ಅಪ್ಪನ ಮನಸು ಯಾರಿಗಿ ತಿಳದದ ಅಕ್ಕ" ಅಂದ. ಮತ್ತೆ ಗಳ ಊರಿದ. ಅವನಿಗೂ ಅಪ್ಪನ ಹಾಗೇ ಮಾತು ಸಾಲುವುದಿಲ್ಲ. ಉಮಾ ಬಗ್ಗಿ, "ನಮ್ಮಪ್ಪ ನೋಡ್ತಾನ ನೋಡು, ಇಲ್ಲಂದ್ರ ಮುಂದಿನ ಪಂಚಮಿಗಿ ಬರಂಗಿಲ್ಲ ನಾ" ಅಂದಳು, ಅವನಿಗೆ ಕೇಳುವ ಹಾಗೆ. ಅವನು ಇನ್ನೂ ಜೋರಾಗಿ ಗಳ ಊರಿದ.

ದೇವದುರ್ಗದ ಕಡೆಯ ದಂಡೆಯಲ್ಲಿ ಪಾರ್ವತೆಮ್ಮನ ಬಳಗದವರ ಮನೆಯಲ್ಲಿ ವಸ್ತಿ ಮಾಡಿದೆವು. ಡಾಂಬರಿನ ಹರಗೋಲನ್ನು ಒಣಗಿಸುವ ಅಗತ್ಯ ಇಲ್ಲ, ಆದರೂ ಭೀಮು ನೀರಿನಿಂದ ಎಳೆದು ಬೋರಲು ಹಾಕಿ, ಬೆನ್ನ ಮೇಲೆ ಕೈಯಾಡಿಸಿಯೇ ಒಳಗೆ ಬಂದ. ನಾನು ನೋಡಿದೆ.

ಮರುದಿನ ಕೊಳ್ಳೂರಿನ ಸೇತುವೆ ದಾಟಿದ್ದೇ ತಡ, ನೀರು ನಿಂತುಬಿಟ್ಟಿತು. ಕೆಳಗೆ ಹೊಸ ಬ್ಯಾರೇಜು ಕಟ್ಟಿದ್ದಾರಲ್ಲ, ಅದರ ಹಿನ್ನೀರು. ಹೊಳೆ ಕೆರೆಯಾಗಿದೆ. ಭೀಮುಗೆ ಅದು ಗೊತ್ತಿಲ್ಲದ್ದಲ್ಲ, ಆದರೆ ದಾರಿ ಲೆಕ್ಕ ಹಾಕುವಾಗ ಅವನು ಅಪ್ಪನ ಕಾಲದ ಹರಿವನ್ನೇ ಹಿಡಿದಿದ್ದ. ಎಷ್ಟು ಹುಟ್ಟು ಹಾಕಿದರೂ ಹರಗೋಲು ನಿಂತಲ್ಲೇ ಸುತ್ತುತ್ತಿತ್ತು. ದಂಡೆಯ ಮೇಲಿನ ಒಂದು ಬೇವಿನ ಗಿಡ ಎಡಕ್ಕೆ ಹೋಗಿ, ಹಿಂದೆ ಹೋಗಿ, ಬಲಕ್ಕೆ ಬಂದು, ಮತ್ತೆ ಮುಂದೆ ಬಂದು ನಿಲ್ಲುತ್ತಿತ್ತು.

"ಎಪ್ಪಾ, ಆ ಗಿಡಕ್ಕ ಇದು ನಾಕನೇ ಪ್ರದಕ್ಷಿಣಿ" ಅಂದಳು ಉಮಾ. "ಕಾಯಿ ಒಡಸ್ತಿಯೇನು?"

"ಬಾಯಿ ಮುಚ್ಚಿ ಕುಂದ್ರು." ಅವನ ಬೆನ್ನು ಬೆವತು ಅಂಗಿ ಅಂಟಿತ್ತು.

ಅಷ್ಟರಲ್ಲಿ ಪಡುವಣ ಗಾಳಿ ನನ್ನ ಕುತ್ತಿಗೆಗೆ ತಾಗಿತು. ಕೈಚೀಲದೊಳಗೆ ಭೀಮು ಪಂಚಮಿಗೆ ಕೊಟ್ಟ ಹೊಸ ಇಳಕಲ್ಲ ಸೀರೆ ಇತ್ತು, ಇನ್ನೂ ಮಡಿಕೆ ಬಿಚ್ಚಿರಲಿಲ್ಲ. ತೆಗೆದು ಅವನ ಕಾಲ ಹತ್ತಿರ ಇಟ್ಟೆ. "ಗಳಕ್ಕ ಕಟ್ಟು" ಅಂದೆ.

"ಹೊಸಾ ಸೀರಿ ಅಕ್ಕ!"

"ಅಪ್ಪ ಉಟ್ಟ ಧೋತರ ಬಿಚ್ಚಿ ಕಟ್ಟಿದ್ದ. ನೀ ಪ್ಯಾಂಟ್ ಬಿಚ್ಚತಿಯೇನು?"

ಉಮಾ ನಗಲಿಕ್ಕೆ ಹತ್ತಿದವಳು ನಿಲ್ಲಿಸಲೇ ಇಲ್ಲ. "ಅತ್ತಿಗಿ ಕೊಟ್ಟ ಸೀರಿ ಎರಡ ದಿನದಾಗ ವಾಪಸ್ ಕಸಗೊಂಡ ನಮ್ಮಪ್ಪ" ಅಂತ ಫೋನಿನೊಳಗೆ ಫೋಟೋ ತೆಗೆದಳು. ಭೀಮು ಎರಡು ಗಳಕ್ಕೆ ಸೀರೆಯ ಅಂಚು ಬಿಗಿದ. ಒಂದನ್ನು ಉಮಾ ಹಿಡಿದಳು, ಒಂದನ್ನು ನಾನು. ಗಾಳಿ ಬಂದು ಸೀರೆ ಉಬ್ಬಿತು, ಕೆಂಪು ಸೆರಗು ಪಟಪಟ ಬಡಿಯಿತು, ಹರಗೋಲು ಸುತ್ತುವುದು ಬಿಟ್ಟು ಸೀದಾ ಓಡಿತು. ಗಳ ಕೈಯೊಳಗೆ ನಡುಗುತ್ತಿತ್ತು. "ಬಿಗಿ ಹಿಡಿ" ಅಂದೆ ಉಮಾಗೆ. ಅಂದಮೇಲೆ ಆ ಮಾತು ಎಲ್ಲಿಯದು ಅಂತ ನೆನಪಾಯಿತು.

ಬ್ಯಾರೇಜಿನ ಮೇಲೆ ಚಹಾದಂಗಡಿ ಇಟ್ಟ ಇನಾಯತ, ಭೀಮುನ ಹಳೆಯ ಗೆಣೆಯ, ದಂಡೆಗೆ ಓಡಿಬಂದ. "ಭೀಮಣ್ಣಾ! ಬರೋದು ದೂರದಿಂದ ನೋಡಿ ಯಾವುದೋ ಸರ್ಕಸ್ ಬಂತು ಅಂದ್ನಿ. ಇದಕ್ಕ ಲೈಸನ್ಸ್ ಅದ ಏನು?"

"ಅದ. ನಮ್ಮಕ್ಕನ ಸೀರಿನೇ ಲೈಸನ್ಸು."

"ಸಲಾಮ್ ಅಕ್ಕಾ. ಇನ್ನ ಸಮುದ್ರದ ತನಕ ಹೋಗ್ತೀರೋ, ಚಹಾ ಕುಡದು ಹೋಗ್ತೀರೋ?"

ಚಹಾ ಕುಡಿಸಿ, ಹರಗೋಲನ್ನು ತನ್ನ ಟಂಟಂ ಗಾಡಿಯ ಮೇಲೆ ಹಗ್ಗ ಹಾಕಿ ಕಟ್ಟಿ, ಬ್ಯಾರೇಜಿನ ಆಚೆ ಕೆಳಗೆ ಇಳಿಸಿಕೊಟ್ಟ. ತಿರುಗಿ ಹೋಗುವಾಗ ಭೀಮುನನ್ನೂ ಹರಗೋಲನ್ನೂ ಇದೇ ಗಾಡಿಯಲ್ಲಿ ಸುರಪುರದ ರಸ್ತೆಗೆ ಮುಟ್ಟಿಸುತ್ತೇನೆ ಅಂದ. ನಮ್ಮೂರ ದಂಡೆಗೆ ಗಾಡಿ ಇಳಿಯುವುದಿಲ್ಲ, ಎರೆಮಣ್ಣು. ಜಾಲಿ ಪೊದೆಯ ಆಚೆ ಡಾಂಬರು ರಸ್ತೆಯಲ್ಲಿ ನಿಂತಿರುತ್ತೇನೆ, ಅಲ್ಲಿಯ ತನಕ ಹೊತ್ತು ತಾ ಅಂದ. ಅಷ್ಟು ದೂರವಾದರೂ ಭೀಮು ಹೊರಬೇಕಲ್ಲ ಅಂತ ನಾನು ಮನಸ್ಸಿನೊಳಗೆ ಸಮಾಧಾನಪಟ್ಟೆ.

ಬ್ಯಾರೇಜಿನ ಕೆಳಗೆ ನೀರು ಹರಿಯುತ್ತಿತ್ತು. ಹೊತ್ತು ವಾಲುವ ಮೊದಲೇ ಹಾಸುಗಲ್ಲು ಕಂಡಿತು. ದೇವಿಂದ್ರ ಮತ್ತು ಅವನ ಅವ್ವ ಕೊಡೆ ಹಿಡಿದು ನಿಂತಿದ್ದರು. ಜಿಟಿಜಿಟಿ ಮಳೆ ಹತ್ತಿತ್ತು. ಉಮಾ ಇಳಿದಳು, ಬೀಗಿತ್ತಿ ಆಕೆಯ ಕಾಲಿಗೆ ನೀರು ಹಾಕಿದಳು. ದೇವಿಂದ್ರ ಸೂಟ್‌ಕೇಸು ಎತ್ತಿಕೊಂಡು, "ಮಾವ, ಉಂಡು ಹೋಗ್ರಿ" ಅಂದ.

"ಗಾಡಿ ನಿಂತಾದಪಾ. ಮತ್ತೊಮ್ಮಿ ಬರ್ತೀನಿ."

ಭೀಮು ಹರಗೋಲನ್ನು ಎಳೆದು ಬೋರಲು ಹಾಕಿದ, ನೀರು ಸುರಿದುಹೋಯಿತು. ಒಳಗೆ ಹುಟ್ಟನ್ನು ಅಡ್ಡ ಸಿಗಿಸಿದ, ಹೆಗಲಿಗೆ ಭಾರ ಕೂಡಲಿಕ್ಕೆ. ಉಮಾ ಬಂದು ಎದುರಿಗೆ ನಿಂತಳು. ಅವನು ಬಾಯಿ ತೆಗೆದ, ಮುಚ್ಚಿದ. "ಹುಷಾರು" ಅಂತ ಹೇಗೋ ಒಂದು ಮಾತು ಹೊರಬಿತ್ತು. ಬಗ್ಗಿ, ಒಂದೇ ದಮ್ಮಿಗೆ ಹರಗೋಲನ್ನು ಎತ್ತಿ ತಲೆಯ ಮೇಲೆ ಹಾಕಿಕೊಂಡು ನಡೆದ. ಉಮಾ ಹಾಸುಗಲ್ಲಿನ ಮೇಲೆ ಹತ್ತಿದಳು.

ಕರೀ ಬೆನ್ನು, ಎರಡು ಕಾಲು.

ನಾನೂ ಆಕೆಯ ಬಗಲಿಗೆ ನಿಂತು ನೋಡಬೇಕು ಅಂತಲೇ ಅಷ್ಟು ದೂರದಿಂದ ಬಂದವಳು. ಆದರೆ ಅವನು ನಾಲ್ಕು ಹೆಜ್ಜೆ ಹೋಗುವುದರೊಳಗೆ, ಇಲ್ಲಿಂದ ನೋಡಿದ್ದನ್ನು ಜನ್ಮವೆಲ್ಲ ನೋಡಿದ್ದಾಯಿತು ಅನ್ನಿಸಿತು. ಸೆರಗು ಸೊಂಟಕ್ಕೆ ಸಿಗಿಸಿ ಹಿಂದೆಯೇ ಹೋದೆ.

"ಭೀಮು, ನಾನೂ ರಸ್ತಿ ತನಕ ಬರ್ತೀನಿ."

ಹರಗೋಲಿನ ಒಳಗಿನಿಂದ ದನಿ ಬಂತು. "ಮಳ್ಯಾಗ ಯಾಕಕ್ಕ?"

"ಮಳಿ ಅಂತನೇ ಒಳಗ ಬರ್ತೀನಿ, ಜಾಗ ಮಾಡು."

"ಹೆಂಗಸರು ಒಳಗ ಬರ್ತಾರೇನ!"

"ಈ ವಯಸ್ಸಿಗಿ ನಾ ಯಾವ ಹೆಂಗಸೋ. ಮುದಿಕಿ ಅದೀನಿ. ಎತ್ತು."

ಅವನು ಅಂಚು ಎತ್ತಿದ. ಬಗ್ಗಿ ಒಳಗೆ ಹೋದೆ.

ಒಳಗೆ ಬ್ಯಾರೆ ಲೋಕವೇ. ಡಾಂಬರು, ಮೀನು, ಒದ್ದೆ ಬಿದಿರಿನ ವಾಸನೆ. ಮೇಲೆ ಮಳೆಯ ಸಪ್ಪಳ, ಪಕ್ಕದಲ್ಲಿ ತಮ್ಮನ ಉಸಿರಿನ ಸಪ್ಪಳ. ಹೊಲಿಗೆಯ ಸಂದಿನಿಂದ ಜೋಳದ ಕಾಳಿನಷ್ಟು ಬೆಳಕು ಅಲ್ಲಲ್ಲಿ. ಮುಂದೆ ಮೊಳದಷ್ಟು ನೆಲ ಕಾಣುತ್ತಿತ್ತು, ಅಷ್ಟೇ. ಹುಟ್ಟು ಅವನ ಎರಡೂ ಹೆಗಲ ಮೇಲೆ ಅಡ್ಡ ಕೂತು ಕುತ್ತಿಗೆಯನ್ನು ನಡುವೆ ಹಿಡಿದಿತ್ತು. ಎರಡೂ ಕೈ ಅಂಚಿಗೆ. ಗಾಳಿ ಧಡ್ ಅಂತ ಹೊಡೆಯಿತು. ಅವನು ಹಲ್ಲು ಕಚ್ಚಿ ಕಾಲೂರಿ ನಿಂತ, ಹರಗೋಲು ಒಂದು ಬೆರಳಿನಷ್ಟೂ ಹೊಳ್ಳಲಿಲ್ಲ. ಗಾಳಿ ಹೋದ ಮೇಲೆ ಮತ್ತೆ ನಡೆದ.

ಹಳೆಯ ಜಾಲಿಯ ಗಿಡ ಈಗ ಇಲ್ಲ, ಆ ಜಾಗದಲ್ಲಿ ಬಳ್ಳಾರಿ ಜಾಲಿಯ ಪೊದೆ ಎದ್ದಿದೆ. ಅಲ್ಲಿ ಬಂದ ಮೇಲೆ ಭೀಮು ನಿಂತ. ಗಾಳಿ ಇರಲಿಲ್ಲ. ಒಂದು ಕಾಲು ತೆಗೆದಿಟ್ಟ, ಇನ್ನೊಂದು ಕಾಲು ತೆಗೆದಿಟ್ಟ, ಹರಗೋಲಿನ ಸಮೇತ ಪೂರಾ ಹೊಳ್ಳಿದ. ನಾನೂ ಅವನ ಜೊತೆ ಗಾಣದ ಎತ್ತಿನ ಹಾಗೆ ಸುತ್ತಬೇಕಾಯಿತು. ಮುಂದಿನ ಅಂಚನ್ನು ಸ್ವಲ್ಪ ಮೇಲೆತ್ತಿ, ಬಗ್ಗಿ, ಹೊಳೆಯ ಕಡೆ ನೋಡಿದ. ಮತ್ತೆ ಹಾಗೇ ಹೆಜ್ಜೆ ತೆಗೆದಿಟ್ಟು ರಸ್ತೆಯ ಕಡೆ ಹೊಳ್ಳಿದ.

ನಾನು ಅಡ್ಡ ಹುಟ್ಟನ್ನು ಹಿಡಿದು ಅವನನ್ನು ನಿಲ್ಲಿಸಿದೆ.

"ಯಾಕ ಹೊಳ್ಳಿದಿ?" ಅಂದೆ.

"ಕೂಸು ನಿಂತಾಳೇನು ನೋಡಿದ್ನಿ. ಇದರಾಚಿ ದಂಡಿ ಹೊಳ್ಳತದ, ಮತ್ತ ಕಾಣಂಗಿಲ್ಲಲ್ಲ."

"ಮಾರಿ ಹೊಳ್ಳಿಸಿ ನೋಡೂದು ಬಿಟ್ಟು, ಪೂರಾ ಹರಗೋಲ ತಿರಗಸತಿಯೇನು?"

"ಇದನ್ನ ಹೊತ್ತಾಗ ಕುತಿಗಿ ಎಲ್ಲಿ ಹೊಳ್ಳತದ ಅಕ್ಕ. ನೋಡಬೇಕಂದ್ರ ಮನಷ್ಯಾನೇ ಹೊಳ್ಳಬೇಕು." ಅವನಿಗೆ ದಮ್ಮು ಹತ್ತಿತ್ತು. "ನಡಿ, ಇನಾಯತ ಕಾಯಾಕತ್ತಾನ."

"ಗಾಳಿಗಿ ತಿರಗಂಗಿಲ್ಲೇನೋ ಇದು?"

"ಗಾಳಿ ತಿರಗಿಸಿದ್ರ ಹೊತ್ತಾಂವ ನೆಲಕ್ಕ ಬೀಳ್ತಾನ. ನೆಟ್ಟಗ ನಿಂತು ತಿರಗೇದ ಅಂದ್ರ ಹೊತ್ತಾಂವನೇ ತಿರಗ್ಯಾನ. ಯಾಕ ಕೇಳತಿ?"

ನಾನು ಒದ್ದೆ ಬಿದಿರನ್ನು ಮುಟ್ಟಿದೆ. ಅದೇ ಹೆಣಿಗೆ. ಅವತ್ತು ಒಂದು ಗಳಿಗೆ ಕಂಡಿತ್ತಲ್ಲ, ಹಾಸುಗಲ್ಲಿನ ಮೇಲಿನಿಂದ, ಇದೇ ಜಾಗದಲ್ಲಿ. ಹೆಣಿಗೆ ಕಂಡಿತು, ಅದರೊಳಗೆ ಕತ್ತಲಿತ್ತು. ಆ ಕತ್ತಲೊಳಗಿಂದ ಅಪ್ಪ ನೋಡುತ್ತಿದ್ದ.

"ಭೀಮು, ಇನ್ನೊಮ್ಮಿ ಹೊಳ್ಳು."

"ಯಾಕ?"

"ಹೊಳ್ಳೋ ಅಂದ್ರ."

ಅವನು ಗೊಣಗಲಿಲ್ಲ. ಹೆಜ್ಜೆ ತೆಗೆದಿಟ್ಟು ಹೊಳ್ಳಿದ, ಅಂಚು ಎತ್ತಿ ಹಿಡಿದ. ಬಗ್ಗಿ ನೋಡಿದೆ. ಮಳೆಯ ಆಚೆ ಹೊಳೆ ಬೆಳ್ಳಗಿತ್ತು. ಹಾಸುಗಲ್ಲಿನ ಮೇಲೆ ಹಸಿರು ಸೀರೆಯ ಹುಡುಗಿಯೊಬ್ಬಳು ಒಬ್ಬಳೇ ನಿಂತಿದ್ದಳು. ಕೊಡೆ ಹಿಡಿದವರು ದೂರ ಇದ್ದರು. ಇಷ್ಟು ದೂರದಿಂದ ಮುಖ ಕಾಣುವುದಿಲ್ಲ, ಯಾರ ಮಗಳಾದರೂ ಆಗಬಹುದು. ಕೈ ಎತ್ತಿ ಬೀಸುತ್ತಾಳೇನೋ ಅಂತ ಕಾದೆ. ಬೀಸಲಿಲ್ಲ. ನಾನೂ ಬೀಸಿರಲಿಲ್ಲ.

"ಅಳಾಕತ್ತಿಯೇನಕ್ಕ?" ಅಂದ ಭೀಮು.

"ನಿನ್ನ ಡಾಂಬರಿನ ವಾಸನಿ. ನಡಿ."

ರಸ್ತೆಯಲ್ಲಿ ಇನಾಯತ ಗಾಡಿಯ ಹಾರ್ನು ಬಾರಿಸುತ್ತಿದ್ದ. ಇಬ್ಬರೂ ಸೇರಿ ಹರಗೋಲನ್ನು ಮೇಲೆ ಕಟ್ಟಿದರು. ಕಟ್ಟಿದ ಮೇಲೆ ಅದರ ಬೆನ್ನ ಮೇಲೆ ಕೈಯಾಡಿಸಿದೆ. "ಒಲಿಗಿ ಹಾಕಬ್ಯಾಡ" ಅಂದೆ. ಭೀಮು ನಕ್ಕ. "ಕೋಳಿ ಎಲ್ಲಿ ಬಿಡ್ತದ" ಅಂದ.

ನಾನು ತಿರುಗಿ ಹಾಸುಗಲ್ಲಿನ ಹತ್ತಿರ ಬಂದಾಗ ಉಮಾ ಇನ್ನೂ ಅಲ್ಲೇ ಇದ್ದಳು, ಮುಖ ಒದ್ದೆ, ಮಳೆಯೋ ಏನೋ. ದೇವಿಂದ್ರ ಕೊಡೆ ಹಿಡಿದು ಏನು ಮಾಡಬೇಕು ತಿಳಿಯದೆ ಹಿಂದೆ ನಿಂತಿದ್ದ.

"ನೋಡಿದಿ ಅತ್ತಿ?" ಅಂದಳು, ದನಿ ಬಿರುಸಾಗಿತ್ತು. "ನಮ್ಮಪ್ಪನೂ ಹೊಳ್ಳಿ ನೋಡ್ಲಿಲ್ಲ. ಆ ಗಿಡದ ಹಂತ್ಯಾಗ ಗಾಳಿಗಿ ಹರಗೋಲು ತಿರಗಿತು, ಒಮ್ಮಿ ಅಲ್ಲ, ಎರಡ ಸಲ. ನೀವಿಬ್ಬರೂ ಬಿದ್ರಿ ಅಂತ ಹೆದರಿದ್ನಿ ನಾ."

ನಾನು ಆಕೆಯ ಕೈ ಹಿಡಿದೆ. ಕಲ್ಲು ಜಾರುತ್ತಿತ್ತು, ಕೆಳಗೆ ಇಳಿಸಿಕೊಂಡೆ.

"ಗಾಳಿ ಇರಲಿಲ್ಲವ್ವ ಅಲ್ಲಿ" ಅಂದೆ. "ನಡಿ, ಮನಿಗಿ ಹೋಗುತ್ತ ಹೇಳ್ತೀನಿ."